ಆರಿದ್ರಾ ಮಳೆಯಲ್ಲಿ ನಾಟಿ ಕೋಳಿ ಮರಿ: ನನ್ನ ಅನುಭವ

ಆರಿದ್ರಾ ಮಳೆ ಹಿಡಿದ ಮೇಲೆ ಹೇಂಟೆ ಕಾವಿಗೆ ಕೂರಿಸಬಾರದು, ಮರಿ ಉಳಿಯಲ್ಲ ಅಂತ ನಮ್ಮ ಹೊಸನಗರದ ಕಡೆ ಎಲ್ಲರೂ ಹೇಳುತ್ತಾರೆ. ನಮ್ಮ ಅತ್ತೆಯೂ ಬೇಡ ಅಂದಿದ್ದರು. ಹೋದ ವರ್ಷ ಅದೇ ಮಳೆಯಲ್ಲಿ 4 ಹೇಂಟೆ ಕೂರಿಸಿದೆ. 40ರ ಹತ್ತಿರ ಮರಿ ಎದ್ದವು, 31ಓ 32ಓ ಮಾರಿಹಬ್ಬದವರೆಗೆ ಬಂದವು!

ಸುಮ್ನೆ ಬಂದಿದ್ದಲ್ಲ. ತಾಯಿ ಜೊತೆ ಬಿಟ್ಟರೆ ಮರಿ ಒದ್ದೆ ಹುಲ್ಲಲ್ಲಿ ಸುತ್ತಿ ನಡುಗಿ ಸಾಯುತ್ತವೆ, ಅದಕ್ಕೆ 4ನೇ ದಿನವೇ ಬೇರೆ ಮಾಡುತ್ತೇನೆ. ಹೇಂಟೆಯೂ ಬೇಗ ಮೊಟ್ಟೆಗೆ ಬರುತ್ತೆ. ಮೊದಲ ವರ್ಷ ಮರಿ ಬೆಚ್ಚಗಿರಲಿ ಅಂತ ನೂರು ಕ್ಯಾಂಡಲ್ಲಿನ ಎರಡು ಬಲ್ಬ್ ಹಾಕಿದ್ದೆ. ಪುನರ್ವಸು ಮಳೆಗೆ ಲೈನ್ ಮೇಲೆ ಮರ ಬಿತ್ತು, ಐದು ದಿನ ಕರೆಂಟಿಲ್ಲ. ಬೆಳಿಗ್ಗೆ ಕುಕ್ಕೆ ಎತ್ತಿದರೆ ಒಂದರ ಮೇಲೊಂದು ಬಿದ್ದು ಸತ್ತಿದ್ದವು, ಮೇಲಿದ್ದ ಎರಡು ಮಾತ್ರ ಕಣ್ಣು ಬಿಡುತ್ತಿದ್ದವು. ಮರುವರ್ಷ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ತೇವ ಹಿಡಿದು ಮರಿಗಳಿಗೆ ರಕ್ತಭೇದಿ. ಮರಿಗಿಂತ ಔಷಧಿಗೇ ಜಾಸ್ತಿ ಹೋಯ್ತು, ಎರಡೂ ವರ್ಷ ಸೇರಿ 6 ಸಾವಿರ ಕೈಬಿಟ್ಟಿರಬೇಕು.

ಆಮೇಲೆ ಹೊಳೆಯಿತು, ಮಳೆಗಾಲದಲ್ಲಿ ನಮ್ಮ ಬಚ್ಚಲ ಒಲೆ ಆರುವುದೇ ಇಲ್ಲ ಅಲ್ವಾ? ಆ ಒಲೆಯ ಹಿಂದಿನ ಮಣ್ಣಿನ ಗೋಡೆಗೆ ತಾಗಿಸಿ ಗೂಡು ಕಟ್ಟಿದೆ. ರಾತ್ರಿ ಒಲೆಗೆ ಒಂದು ದಪ್ಪ ಸೌದೆ ಕುಂಟೆ ತುರುಕಿದರೆ ಬೆಳಗಿನವರೆಗೆ ಗೋಡೆ ಬೆಚ್ಚಗಿರುತ್ತೆ. ಮರಿಗಳು ಗೋಡೆಗೇ ಅಂಟಿ ಕೂತರೆ ಬೆಂಕಿ ಸಾಲದು, ದೂರದ ಮೂಲೆಗೆ ಹೋದರೆ ಜಾಸ್ತಿ ಆಯ್ತು, ಅಷ್ಟೇ ಲೆಕ್ಕ. ನೆಲಕ್ಕೆ ಬೇಸಿಗೆಯಲ್ಲೇ ಚೀಲ ತುಂಬಿಟ್ಟ ಒಣ ದರಗು (ಉದುರಿದ ಎಲೆ), ಮೇಲೆ ಜರಡಿ ಹಿಡಿದ ಒಲೆ ಬೂದಿ. ಮೂರು ದಿನಕ್ಕೊಮ್ಮೆ ತೆಗೆದು ಅಡಿಕೆ ಮರದ ಬುಡಕ್ಕೆ ಹಾಕುತ್ತೇನೆ. ಕುಡಿಯುವ ನೀರಿಗೆ ಒಂದು ಸೊಪ್ಪು ಹಾಕುತ್ತೇನೆ, ಅದರ ಹೆಸರು ಮಾತ್ರ ಕೇಳಬೇಡಿ.

ಕೊಕ್ಕರೆ ರೋಗ (ರಾಣಿಕೇತ್) ಬರದ ಹಾಗೆ ಲಸೋಟಾ ಲಸಿಕೆಯ ಹನಿ 7ನೇ ದಿನ. 100 ಡೋಸಿನ ಬಾಟಲಿ ಒಡೆದ ಮೇಲೆ ಉಳಿಸಿಡಲು ಬರಲ್ಲ, ಹಾಗಾಗಿ ಕೇರಿಯ ಮರಿಗಳಿಗೆಲ್ಲ ಅವತ್ತೇ ಹಾಕುವುದು. ಪಕ್ಕದ ಮನೆಗೆ ಕೊಕ್ಕರೆ ರೋಗ ಬಂದರೆ ನಮ್ಮದೇನು ಉಳಿಯುತ್ತೆ?

ನಡುವೆ ಕಡಕ್‌ನಾಥ್ ಹುಚ್ಚೂ ಹಿಡಿದಿತ್ತು. ಮಧ್ಯಪ್ರದೇಶದ ಝಾಬುವಾ ಕಡೆಯ ಕರಿ ಕೋಳಿ, ಕಾವಿಗೆ ಕೂರುವುದೇ ಅಪರೂಪ. ನಮ್ಮ ಹೇಂಟೆ ಅಡಿಗೇ ಅದರ ಮೊಟ್ಟೆ ಇಟ್ಟೆ. ಅದು ಏನೂ ಗೊತ್ತಾಗದವರ ಹಾಗೆ ಕೂತು ಆರು ಕರಿ ಮರಿ ಎಬ್ಬಿಸಿತು. ಬೆಳೆದವು, ಆದರೆ ಮಾಂಸವೂ ಕಪ್ಪು ಅಂತ ನಮ್ಮೂರಲ್ಲಿ ಯಾರೂ ಮುಟ್ಟಲಿಲ್ಲ. ನಾವೇ ತಿಂದೆವು.

ನಾಟಿ ಹುಂಜ 17 ಮಾರಿದೆ, ಒಂದಕ್ಕೆ ಸುಮಾರು 900. ನುಚ್ಚು, ಫೀಡು ಅಂತ 5 ಸಾವಿರದ ಮೇಲೆ ಹೋಗಿರಬಹುದು. ಸೌದೆ ಲೆಕ್ಕ ಹಿಡಿದಿಲ್ಲ, ಸ್ನಾನಕ್ಕೆ ಹೇಗೂ ಉರಿಸಲೇಬೇಕಲ್ಲ. ಹ್ಯಾಟೆ (ಇನ್ನೂ ಮೊಟ್ಟೆಗೆ ಬರದ ಎಳೆ ಹೆಣ್ಣು ಕೋಳಿ) ಒಂದನ್ನೂ ಮಾರಿಲ್ಲ, ಅತ್ತೆ ಎರಡು ಕೇಳಿದ್ದಾರೆ.