ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಹೊರಟಿದ್ದೀರಾ? ಎರಡು ರಾತ್ರಿ ಉಳಿಯಿರಿ

ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೋದ ನಮ್ಮವರು ಒಂದು ಮಧ್ಯಾಹ್ನ ಕಾರು ಮಾಡಿಕೊಂಡು ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಬರುತ್ತಾರೆ. ಗಾಂಧೀಜಿಯನ್ನು ರೈಲಿನಿಂದ ಹೊರಹಾಕಿದ ಸ್ಟೇಷನ್ನಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ವಾಪಸ್. ಅಷ್ಟು ದೂರ ಹೋಗಿ ಇಷ್ಟೇ ನೋಡಿ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಡರ್ಬನ್ ಕಡಲಿನಿಂದ ಸುಮಾರು 80 ಕಿ.ಮೀ. ಒಳಗಿರುವ ಈ ಊರು ಕ್ವಾಜುಲು-ನಟಾಲ್ ಪ್ರಾಂತ್ಯದ ರಾಜಧಾನಿ. ಇದಕ್ಕೆ ಎರಡು ರಾತ್ರಿಯಾದರೂ ಕೊಡಿ.

ಮೊದಲು ತಿಂಗಳು ಗೊತ್ತುಮಾಡಿ

ನಮ್ಮಲ್ಲಿ ಮಳೆ ಶುರುವಾಗುವ ಜೂನ್ ಅಲ್ಲಿ ಚಳಿಗಾಲ. ಹಗಲು ಹಿತವಾದ ಬಿಸಿಲು, ರಾತ್ರಿ ಗಡಗಡ ಚಳಿ. ಸ್ವೆಟರ್ ಬೇಕೇ ಬೇಕು. ಡಿಸೆಂಬರ್, ಜನವರಿಯಲ್ಲಿ ಸೆಕೆ ಜಾಸ್ತಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಜೂನ್‌ನಲ್ಲಿ ಹೋಗುವುದಾದರೆ ಕಾಮ್ರೇಡ್ಸ್ ಮ್ಯಾರಥಾನ್ ಯಾವ ದಿನ ಅಂತ ಮೊದಲೇ ನೋಡಿ. ಈ ಊರಿಗೂ ಡರ್ಬನ್‌ಗೂ ನಡುವೆ ನಡೆಯುವ ಓಟ ಅದು. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ.

ಬ್ಯಾಗಿಗೆ ಹಾಕಬೇಕಾದ್ದು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ನೈರೋಬಿ ಅಥವಾ ಅಡಿಸ್ ಅಬಾಬಾದಲ್ಲಿ 12 ಗಂಟೆಗಿಂತ ಹೆಚ್ಚು ಹೊತ್ತು ಉಳಿಯುವುದಿದ್ದರೆ ಯೆಲ್ಲೋ ಫೀವರ್ ಲಸಿಕೆಯ ಕಾರ್ಡೂ ಬೇಕು. ಪ್ಲಗ್ ವಿಷಯದಲ್ಲಿ ಸುಮ್ನೆ ದುಬಾರಿ ಅಡಾಪ್ಟರ್ ಕೊಳ್ಳಬೇಡಿ. ಅಲ್ಲಿನ ಹೆಚ್ಚಿನ ಸಾಕೆಟ್‌ಗಳು ನಮ್ಮ ಮನೆಯ ಗೀಸರ್, ಎ.ಸಿ.ಗೆ ಇರುತ್ತವಲ್ಲ, ಅದೇ ದಪ್ಪ ಮೂರು ಪಿನ್ನಿನವು. ಸಣ್ಣ ಪಿನ್ನನ್ನು ದಪ್ಪ ಪಿನ್ನಿಗೆ ಬದಲಿಸುವ ತುಂಡು ನಮ್ಮ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಕರೆಂಟ್ ಕೂಡ ನಮ್ಮ ಹಾಗೆ 230 ವೋಲ್ಟ್.

ಡರ್ಬನ್‌ನಿಂದ ಮೇಲಕ್ಕೆ

ರೈಲನ್ನು ನೆಚ್ಚಿಕೊಂಡು ಪ್ಲಾನ್ ಮಾಡಬೇಡಿ. ಎನ್3 ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವುದೇ ಸುಲಭ. ನಮ್ಮಂತೆ ಅಲ್ಲೂ ಎಡಗಡೆ ಓಡಿಸುತ್ತಾರೆ. ಸಿಗ್ನಲ್ ದೀಪಕ್ಕೆ ಅಲ್ಲಿನವರು 'ರೋಬೋಟ್' ಅನ್ನುತ್ತಾರೆ. 'ಎರಡನೇ ರೋಬೋಟ್ ಹತ್ತಿರ ಬಲಕ್ಕೆ' ಅಂದರೆ ಗಾಬರಿ ಬೀಳಬೇಡಿ. ದಾರಿಯಲ್ಲಿ ಲಾರಿಗಳು ಜಾಸ್ತಿ, ಊರು ದಾಟಿ ಹಿಲ್ಟನ್ ಕಡೆ ಏರುವಾಗ ಮಂಜು ಕವಿಯುವುದೂ ಉಂಟು. ಹಗಲಲ್ಲೇ ಹೋಗಿ ಸೇರಿಕೊಳ್ಳಿ.

ವಿಳಾಸ ಕೇಳುವಾಗ ರಸ್ತೆಗೆ ಎರಡು ಹೆಸರು ನೆನಪಿಡಿ. ಲಾಂಗ್‌ಮಾರ್ಕೆಟ್ ಸ್ಟ್ರೀಟ್ ಈಗ ಲಂಗಲಿಬಲೇಲೆ ಸ್ಟ್ರೀಟ್, ಕಮರ್ಷಿಯಲ್ ರೋಡ್ ಈಗ ಚೀಫ್ ಆಲ್ಬರ್ಟ್ ಲುಥುಲಿ ಸ್ಟ್ರೀಟ್. ಮ್ಯಾಪಿನಲ್ಲಿ ಹೊಸದು ಇದ್ದರೂ ಎಷ್ಟೋ ಜನರ ಬಾಯಲ್ಲಿ ಹಳೆಯದೇ.

ಸ್ಟೇಷನ್ನಿಗೆ ಬೆಳಗ್ಗೆ ಹೋಗಿ

1893ರ ಜೂನ್ 7ರ ರಾತ್ರಿ. ಫಸ್ಟ್ ಕ್ಲಾಸ್ ಟಿಕೆಟ್ ಇದ್ದರೂ ಬಿಳಿಯನಲ್ಲ ಎಂಬ ಕಾರಣಕ್ಕೆ 23 ವರ್ಷದ ವಕೀಲರನ್ನು ಇಲ್ಲಿ ಕೆಳಗೆ ತಳ್ಳಿದರು. ಓವರ್‌ಕೋಟು ಸಾಮಾನಿನ ಜೊತೆ ರೈಲ್ವೆಯವರ ಕೈಯಲ್ಲಿತ್ತು. ಕೇಳಿದರೆ ಮತ್ತೆ ಅವಮಾನ ಮಾಡುತ್ತಾರೆಂದು ಅವರು ಕೇಳಲಿಲ್ಲ. ವೇಟಿಂಗ್ ರೂಮಿನಲ್ಲಿ ನಡುಗುತ್ತಾ ಕುಳಿತರು. ಊರಿಗೆ ವಾಪಸ್ ಹೋಗಲೋ, ಇಲ್ಲೇ ನಿಂತು ಎದುರಿಸಲೋ ಅಂತ ಯೋಚಿಸಿದ್ದು ಅಲ್ಲೇ.

ಪ್ಲಾಟ್‌ಫಾರ್ಮಿನ ಫಲಕದ ಮುಂದೆ ಫೋಟೊ ಆದಮೇಲೆ ದಯವಿಟ್ಟು ವೇಟಿಂಗ್ ರೂಮಿಗೂ ಹೋಗಿ. ಹತ್ತು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಜೂನ್‌ನಲ್ಲಿ ಹೋದವರಿಗೆ ಆ ಚಳಿಯೇ ಅರ್ಧ ಕಥೆ ಹೇಳುತ್ತದೆ. ಸ್ಟೇಷನ್ ಸುತ್ತಮುತ್ತ ಒಬ್ಬರೇ ಅಡ್ಡಾಡಬೇಡಿ, ಮೊಬೈಲು ಕೈಯಲ್ಲಿ ಹಿಡಿದು ನಡೆಯಬೇಡಿ. ಟ್ಯಾಕ್ಸಿಯಲ್ಲಿ ಹೋಗಿ, ಬಾಗಿಲಲ್ಲೇ ಇಳಿಯಿರಿ. ಅಲ್ಲಿಂದ ಚರ್ಚ್ ಸ್ಟ್ರೀಟಿನಲ್ಲಿರುವ ಗಾಂಧಿ ಪ್ರತಿಮೆ, ಕೆಂಪು ಇಟ್ಟಿಗೆಯ ಸಿಟಿ ಹಾಲ್, ಅದರ ಎದುರಿನ ಟೇಥಮ್ ಆರ್ಟ್ ಗ್ಯಾಲರಿ ಒಟ್ಟಿಗೆ ಮುಗಿಯುತ್ತವೆ.

ಲಾಂಗ್‌ಮಾರ್ಕೆಟ್ ಸ್ಟ್ರೀಟಿನ ಸುಬ್ರಹ್ಮಣ್ಯ-ಮಾರಿಯಮ್ಮನ ಗುಡಿಗೂ ಹೋಗಿ. 1860ರಿಂದ ಕಬ್ಬಿನ ತೋಟಗಳ ಕೂಲಿಗೆಂದು ನಟಾಲ್‌ಗೆ ಬಂದವರ ಮಕ್ಕಳು, ಮೊಮ್ಮಕ್ಕಳು ನಡೆಸಿಕೊಂಡು ಬಂದ ನಂಬಿಕೆ ಅದು. ಗುಡ್ ಫ್ರೈಡೇ ದಿನ ಇಲ್ಲಿ ಕೊಂಡ ಹಾಯುತ್ತಾರೆ.

ಊಟ

ಬನ್ನಿ ಚೌ ತಿನ್ನಲೇಬೇಕು. ಬ್ರೆಡ್ಡಿನ ಒಳಗಿನ ತಿರುಳು ತೆಗೆದು ಸಾರು ತುಂಬಿ ಕೊಡುತ್ತಾರೆ. 'ಕ್ವಾರ್ಟರ್' ಅಂದರೆ ಕಾಲು ಬ್ರೆಡ್, ಒಬ್ಬರಿಗೆ ಧಾರಾಳ. ಸಸ್ಯಾಹಾರಿಗಳು 'ಬೀನ್ಸ್ ಬನ್ನಿ' ಕೇಳಿ. ಅದು ಹುರುಳಿಕಾಯಿ ಅಲ್ಲ, ಕಾಳಿನ ಸಾರು. ಕೈಯಲ್ಲೇ ತಿನ್ನುವುದು, ನಮಗೆ ಕಷ್ಟವೇನಿಲ್ಲ ಅಲ್ವಾ? ಹೋಟೆಲಿನಲ್ಲಿ ಬಿಲ್ಲಿನ ಶೇ 10ರಷ್ಟು ಟಿಪ್ಸ್ ವಾಡಿಕೆ. ಕಾರು ನೋಡಿಕೊಳ್ಳುವವರಿಗೆ, ಪೆಟ್ರೋಲ್ ಹಾಕುವವರಿಗೆ ಕೊಡಲು ಚಿಲ್ಲರೆ ರ‍್ಯಾಂಡ್ ಇಟ್ಟುಕೊಳ್ಳಿ.

ಎರಡನೇ ದಿನ ಹೋವಿಕ್

ಹತ್ತಿರದ ಹೋವಿಕ್‌ನಲ್ಲಿ ಉಮ್ಗೇನಿ ನದಿ ಸುಮಾರು 95 ಮೀಟರ್ ಎತ್ತರದಿಂದ ಧುಮುಕುತ್ತದೆ. ಅಲ್ಲಿಂದ ಆರ್103 ರಸ್ತೆಯಲ್ಲಿ ಮುಂದೆ ಹೋದರೆ ನೆಲ್ಸನ್ ಮಂಡೇಲಾ ಅವರನ್ನು 1962ರ ಆಗಸ್ಟ್ 5ರಂದು ಪೊಲೀಸರು ಹಿಡಿದ ಜಾಗ. 2012ರಲ್ಲಿ ಅಲ್ಲಿ 50 ಉಕ್ಕಿನ ಕಂಬಗಳ ಶಿಲ್ಪ ನಿಲ್ಲಿಸಿದರು. ಹತ್ತಿರ ಹೋಗಿ ಮುಖ ಹುಡುಕಿದರೆ ಬರೀ ಕಂಬ ಕಾಣುತ್ತದೆ. ಸುಮಾರು 35 ಮೀಟರ್ ದೂರದ ದಾರಿಯಲ್ಲೇ ನಿಲ್ಲಿ. ಒಂದು ಹೆಜ್ಜೆ ಆಚೀಚೆ ಸರಿಯುತ್ತಾ ನೋಡಿ. ಕಂಬಗಳೆಲ್ಲ ಕೂಡಿ ಮಂಡೇಲಾ ಅವರ ಮುಖ ಮೂಡುತ್ತದೆ.

ಮರುದಿನ ಡರ್ಬನ್‌ನಿಂದ ಬೆಳಗಿನ ವಿಮಾನ ಇದ್ದರೆ ಕತ್ತಲಾಗುವ ಮೊದಲೇ ಕೆಳಗಿಳಿಯಿರಿ. ವಿಮಾನ ನಿಲ್ದಾಣ ಇರುವುದು ಡರ್ಬನ್‌ನ ಉತ್ತರಕ್ಕೆ, ಊರಿನ ಆಚೆ.