ಹಾವು ಕಚ್ಚಿದ ಮನೆಯಲ್ಲಿ ಏನು ಹೇಳಬೇಕು, ಏನು ಹೇಳಬಾರದು

ಮಂತ್ರ ಹಾಕಿಸಲು ಹೊರಟವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಆಶಾ ಕಾರ್ಯಕರ್ತೆಯರು, ಊರಿನ ಯುವಕರು ಮೊದಲು ಎರಡು ಬಗೆಯ ಮಾತನ್ನು ಬೇರೆ ಮಾಡಿಕೊಳ್ಳಬೇಕು. “ಕಟ್ಟುಹಾವಿನ ವಿಷ ನರಗಳನ್ನು ಹಿಡಿಯುತ್ತದೆ” ಎಂಬುದು ಸಂಗತಿ, ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. “ನಾಗಪ್ಪನಿಗೆ ತನಿ ಎರೆಯುವುದು ಮೂಢನಂಬಿಕೆ” ಎಂಬುದು ನಿಮ್ಮ ಅಭಿಪ್ರಾಯ. ಅದನ್ನು ಆಡಿದಿರೋ, ಹಿರಿಯರು ವಾದಕ್ಕೆ ನಿಲ್ಲುತ್ತಾರೆ, ಗಾಡಿ ಹೊರಡುವುದು ತಡವಾಗುತ್ತದೆ.

ಹೀಗೆ ಹೇಳಿ: “ಹರಕೆ ಕಟ್ಟಿಕೊಳ್ಳಿ ಅಜ್ಜಿ, ದೇವರ ಹೆಸರು ಹೇಳ್ತಾನೇ ಬನ್ನಿ. ವಿಷ ಇಳಿಸೋ ಔಷಧ ಆಸ್ಪತ್ರೆಯಲ್ಲೇ ಸಿಗೋದು, ಈಗಲೇ ಹೊರಡೋಣ.” ಅಷ್ಟರಲ್ಲಿ 108ಕ್ಕೆ ಕರೆ ಮಾಡಿ, ಉಂಗುರ, ಕಾಲುಂಗುರ ತೆಗೆಸಿ, ಕಚ್ಚಿದ ಕೈಕಾಲು ಅಲುಗದಂತೆ ಕೋಲಿಟ್ಟು ಪಟ್ಟಿ ಕಟ್ಟಿ. ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಹಗ್ಗ ಬಿಗಿದರೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ವಿಷ ಒಮ್ಮೆಲೇ ನುಗ್ಗಬಹುದು. ವೈದ್ಯರೇ ಬಿಚ್ಚಲಿ.

“ಮಂತ್ರ ಹಾಕುವ ಪಂಡಿತರ ಹತ್ತಿರ ಹೋದವರು ಬದುಕಿದ್ದಾರಲ್ಲ?” ಎಂದು ಕೇಳಿಯೇ ಕೇಳುತ್ತಾರೆ. ಬದುಕಿರುವುದು ನಿಜ, ಒಪ್ಪಿಕೊಳ್ಳಿ. ವಿಷವಿಲ್ಲದ ಹಾವುಗಳೇ ಹೆಚ್ಚು. ನಾಗರಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಈ ಸಲ ಬಿಟ್ಟಿದೆಯೋ ಇಲ್ಲವೋ ಕಣ್ಣಳತೆಗೆ ಸಿಗದು. ಕಟ್ಟುಹಾವಿನ ಕಡಿತದಲ್ಲಿ ಸಾಮಾನ್ಯವಾಗಿ ನೋವಿಲ್ಲ, ಊತವಿಲ್ಲ. ಕೆಲವು ಗಂಟೆ ಕಳೆದ ಮೇಲೆ ಹೊಟ್ಟೆನೋವು, ಜೋಲುವ ರೆಪ್ಪೆ, ಆಮೇಲೆ ಉಸಿರಾಟದ ತೊಂದರೆ.

ಆಸ್ಪತ್ರೆಯಲ್ಲಿ ನಡೆಯುವ ಒಂದು ಪರೀಕ್ಷೆಯನ್ನು ಮನೆಯವರಿಗೆ ವಿವರಿಸಿ. ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಬಗ್ಗಿಸಿದಾಗ ನೀರಿನಂತೆ ಹರಿದರೆ ವಿಷ ರಕ್ತದಲ್ಲಿದೆ ಎಂದರ್ಥ. ಕೊಳಕುಮಂಡಲ ಕಚ್ಚಿದಾಗ ಹೀಗಾಗುತ್ತದೆ. ಹೆಪ್ಪುಗಟ್ಟಿದರೂ ನಿಗಾ ಬೇಕು, ಕಟ್ಟುಹಾವು, ನಾಗರಹಾವಿನ ವಿಷ ಇದರಲ್ಲಿ ಕಾಣದು.

ಹೆದರಿಸಲು ಸುಳ್ಳು ಹೇಳಬೇಡಿ. “ಸತ್ತೇ ಹೋಗ್ತೀರಿ” ಎನ್ನುವುದೂ ತಪ್ಪು, “ಇಂಜೆಕ್ಷನ್ ಕೊಟ್ಟರೆ ಖಂಡಿತ ವಾಸಿ” ಎನ್ನುವುದೂ ತಪ್ಪು. ನಮ್ಮಲ್ಲಿ ಸಿಗುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದು ಮಾಡಿದ್ದು. ಕಾಫಿ ತೋಟದ, ಮೂತಿ ಎತ್ತಿದ ಮಂಡಲಕ್ಕೆ ಅದು ನಾಟದು. ಸಾಮಾನ್ಯವಾಗಿ 8ರಿಂದ 10 ಸೀಸೆಯಿಂದ ಶುರು ಮಾಡುತ್ತಾರೆ. ಅಲರ್ಜಿ ಆಗಬಹುದು, ಅದಕ್ಕೆ ಔಷಧ ಪಕ್ಕದಲ್ಲೇ ಇಟ್ಟಿರುತ್ತಾರೆ. ಇದನ್ನೂ ಮುಚ್ಚಿಡದೆ ಹೇಳಿ. ಮುಚ್ಚಿಟ್ಟದ್ದು ಅಲ್ಲಿ ಗೊತ್ತಾದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಪ್ರಜ್ಞೆಯಲ್ಲಿರುವ ವಯಸ್ಕರು ಒಲ್ಲೆ ಎಂದರೆ ಎಳೆದೊಯ್ಯಬೇಡಿ. ಗಾಡಿ ನಿಲ್ಲಿಸಿಕೊಂಡೇ ಮತ್ತೆ ಕೇಳಿ, ಪಂಡಿತರಿಂದಲೇ “ಮೊದಲು ಆಸ್ಪತ್ರೆಗೆ ಹೋಗಿ” ಎಂದು ಹೇಳಿಸಿ. ಮಗುವಿಗೆ ಕಚ್ಚಿದ್ದರೆ ಮಾತ್ರ ಪಟ್ಟು ಸಡಿಲಿಸಬೇಡಿ, ಪಂಚಾಯಿತಿಯವರನ್ನೋ ಪೊಲೀಸರನ್ನೋ ಕರೆಸಿಯಾದರೂ ಸಾಗಿಸಿ.

ವಾಸಿಯಾಗಿ ಬಂದವರು ನಾಗಪೂಜೆ ಮಾಡಿಸಿದರೆ ಅದು ಅವರ ಮನೆಯ ವಿಚಾರ. ನೀವು ಹೋದಾಗ, ಮತ್ತೆ ಹಾವು ಕಚ್ಚದಂತೆ ಮಂಚದ ಮೇಲೆ ಮಲಗಲು ಹೇಳಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದನ್ನು ತೋರಿಸಿಕೊಡಿ.