ಬಾಗಲಕೋಟೆಯ ಬೇಸಿಗೆಯಲ್ಲಿ ಅಲ್ಟ್ರಾಸೌಂಡ್ ಫ್ಯಾಂಟಮ್ ತಯಾರಿಸಿದ ಬಗೆ

ಅಲ್ಟ್ರಾಸೌಂಡ್ ಯಂತ್ರವು ದೂರವನ್ನು ನೇರವಾಗಿ ಅಳೆಯುವುದಿಲ್ಲ. ಮೈಮೇಲೆ ಇಡುವ ಪ್ರೋಬ್‌ನಿಂದ ಹೊರಟ ಶಬ್ದತರಂಗ ಪ್ರತಿಧ್ವನಿಯಾಗಿ ಮರಳಲು ಹಿಡಿದ ಸಮಯವನ್ನು ಅಳೆದು, ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದೇ ಭಾವಿಸಿ ಆಳವನ್ನು ಲೆಕ್ಕ ಹಾಕುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ತಗಲುವುದು ಸುಮಾರು 13 ಮೈಕ್ರೋಸೆಕೆಂಡ್. ಈ ಲೆಕ್ಕವನ್ನು ಒರೆಗೆ ಹಚ್ಚಲು ಅಂಗಾಂಶದಂತೆ ವರ್ತಿಸುವ ಕೃತಕ ತುಂಡು, ಅಂದರೆ ಫ್ಯಾಂಟಮ್, ಬೇಕು. ಸಿದ್ಧ ಫ್ಯಾಂಟಮ್‌ನ ಬೆಲೆ ನಮ್ಮ ಸಂಶೋಧನಾ ಅನುದಾನಕ್ಕೆ ಎಟುಕುವಂಥದ್ದಲ್ಲವಾದ್ದರಿಂದ ನಾವೇ ತಯಾರಿಸತೊಡಗಿದೆವು.

ಪಾಕ ಹೊಸದೇನಲ್ಲ. ತೂಕದಲ್ಲಿ ಸುಮಾರು 83 ಭಾಗ ನೀರು, 11 ಭಾಗ ಗ್ಲಿಸರಿನ್, 3 ಭಾಗ ಅಗರ್, ಅಂದರೆ ಕಡಲಪಾಚಿಯಿಂದ ತೆಗೆದ, ಜೆಲ್ಲಿಯಂತೆ ಹೆಪ್ಪುಗಟ್ಟುವ ಪದಾರ್ಥ. ಉಳಿದದ್ದು ಸಿಲಿಕಾನ್ ಕಾರ್ಬೈಡ್ ಹಾಗೂ ಅಲ್ಯೂಮಿನಾ ಪುಡಿ ಮತ್ತು ಬೂಸ್ಟು ಹಿಡಿಯದಂತೆ ಕಾಯುವ ಬೆಂಜಾಲ್ಕೋನಿಯಂ ಕ್ಲೋರೈಡ್. ಗ್ಲಿಸರಿನ್ ಶಬ್ದದ ವೇಗವನ್ನು 1540ಕ್ಕೆ ಏರಿಸುತ್ತದೆ, ಪುಡಿಗಳು ಅಂಗಾಂಶದಂತೆಯೇ ತರಂಗವನ್ನು ಚದುರಿಸಿ ಕುಗ್ಗಿಸುತ್ತವೆ. ಲೋಹದ ಮಾದರಿಗಳಿಗೆ ಹೊಳಪು ಕೊಡಲು ಮೆಕ್ಯಾನಿಕಲ್ ವಿಭಾಗದವರು ಬಳಸುವ ಅಲ್ಯೂಮಿನಾ ಪುಡಿಯೇ ನಮಗೂ ಒದಗಿತು. ಆಳ ಗುರುತಿಸಲು ಅಚ್ಚಿನ ಅಡ್ಡಕ್ಕೆ ಸಮಾನ ಅಂತರದಲ್ಲಿ ತೆಳುವಾದ ನೈಲಾನ್ ಎಳೆಗಳನ್ನು ಬಿಗಿದೆವು. ಕೃಷ್ಣೆಯ ಹಿನ್ನೀರು ಊರಿಗೆ ಹೊಂದಿಕೊಂಡೇ ಇರುವುದರಿಂದ ಗಾಳದ ದಾರಕ್ಕೆ ಇಲ್ಲಿ ಬರವಿಲ್ಲ.

ಕಷ್ಟ ಶುರುವಾಗುವುದು ಅಗರ್ ಹೆಪ್ಪುಗಟ್ಟುವಾಗ. ಕುದಿಯುವ ಹದಕ್ಕೆ ಬಂದರೆ ಕರಗುವ ಅಗರ್, ಸುಮಾರು 35 ಡಿಗ್ರಿಗೆ ಇಳಿದ ಮೇಲಷ್ಟೇ ಗಟ್ಟಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಪ್ರಯೋಗಾಲಯದ ಉಷ್ಣತೆಯೇ ಅದಕ್ಕಿಂತ ಮೇಲಿರುತ್ತದೆ! ಮಿಶ್ರಣ ದ್ರವವಾಗಿಯೇ ಉಳಿದಷ್ಟು ಹೊತ್ತೂ ಭಾರದ ಪುಡಿ ತಳಕ್ಕೆ ಇಳಿಯುತ್ತಲೇ ಇರುತ್ತದೆ, ಮೇಲ್ಭಾಗದ ಚಿತ್ರ ಕಪ್ಪಾಗಿಯೂ ತಳಭಾಗದ್ದು ಅತಿ ಬಿಳುಪಾಗಿಯೂ ಕಾಣುತ್ತದೆ. ಆದ್ದರಿಂದ ಗುಳ್ಳೆ ಏಳದಷ್ಟು ನಿಧಾನವಾಗಿ ಕಲಕುತ್ತ 45 ಡಿಗ್ರಿಯವರೆಗೆ ಆರಿಸಿ, ಅಚ್ಚಿನಲ್ಲಿ ಗಾಳಿಗೆ ಎಡೆಯಿಲ್ಲದಂತೆ ತುಂಬಿ ಮುಚ್ಚಿ, ತಣ್ಣೀರಿನ ತೊಟ್ಟಿಯಲ್ಲಿ ಗೇರ್ ಮೋಟರ್ ಸಹಾಯದಿಂದ ಅಚ್ಚನ್ನೇ ನಿಧಾನವಾಗಿ ತಿರುಗಿಸುವ ಕ್ರಮಕ್ಕೆ ಬಂದೆವು. ನೀರನ್ನು ಮೊದಲೇ ಕುದಿಸಿ ಆರಿಸಿ ಕರಗಿದ ಗಾಳಿಯನ್ನು ಹೊರಹಾಕಿರಬೇಕು. ಒಂದು ಸಣ್ಣ ಗುಳ್ಳೆಯಿದ್ದರೂ ಅದರ ಹಿಂದಿನ ಭಾಗಕ್ಕೆ ನೆರಳು ಬೀಳುತ್ತದೆ.

ವೇಗವನ್ನು ಅಳೆಯಲು ತರಂಗವನ್ನು ಕಳಿಸುವ ಮತ್ತು ಗ್ರಹಿಸುವ ಎರಡು ಟ್ರಾನ್ಸ್‌ಡ್ಯೂಸರ್‌ಗಳನ್ನು ಎದುರುಬದುರಾಗಿ ನೀರಿನಲ್ಲಿಟ್ಟು, ನಡುವೆ ಫ್ಯಾಂಟಮ್‌ನ ತುಂಡು ಇದ್ದಾಗಲೂ ಇಲ್ಲದಾಗಲೂ ತರಂಗ ತಲುಪುವ ಸಮಯವನ್ನು ಹೋಲಿಸುತ್ತೇವೆ. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ 25 ಡಿಗ್ರಿಯಲ್ಲಿ ಬರುವ ವ್ಯತ್ಯಾಸ ಅರ್ಧ ಮೈಕ್ರೋಸೆಕೆಂಡೂ ಇಲ್ಲ. ಹಾಗೆಂದು ಇಷ್ಟು ಸಣ್ಣ ಸಮಯವನ್ನು ಅಳೆಯುವ ಆಸಿಲೋಸ್ಕೋಪ್‌ಗೆ ದುಡ್ಡು ಸುರಿಯುವ ಮುನ್ನ ಒಳ್ಳೆಯ ಥರ್ಮಾಮೀಟರ್ ಕೊಳ್ಳಿರೆಂದೇ ನನ್ನ ಸಲಹೆ. ನೀರಿನಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ 1482 ಮೀಟರ್, 30 ಡಿಗ್ರಿಯಲ್ಲಿ 1509. ಆಧಾರವಾಗಿ ಹಿಡಿದ ನೀರಿನ ಉಷ್ಣತೆಯೇ ಖಚಿತವಿಲ್ಲದಿದ್ದರೆ ಉಳಿದ ನಿಖರತೆಗೆ ಅರ್ಥವಿಲ್ಲ.

ಫ್ಯಾಂಟಮ್ ಕೂಡ ಇದೇ ಸ್ವಭಾವದ್ದು. ನಮ್ಮ ಅಳತೆಯಲ್ಲಿ ಅದರ ವೇಗ ಡಿಗ್ರಿಗೆ ಸುಮಾರು 2 ಮೀಟರ್‌ನಂತೆ ಏರುತ್ತದೆ. 22 ಡಿಗ್ರಿಯಲ್ಲಿ 1540 ಇದ್ದದ್ದು 36 ಡಿಗ್ರಿಗೆ 1568 ಆದರೆ, 100 ಮಿಲಿಮೀಟರ್ ಆಳದ ಎಳೆ ಪರದೆಯ ಮೇಲೆ 98ರ ಆಸುಪಾಸಿನಲ್ಲಿ ಕಾಣುತ್ತದೆ, ಯಂತ್ರದಲ್ಲಿ ಯಾವ ದೋಷವಿಲ್ಲದಿದ್ದರೂ. ರೋಗಿಯ ದೇಹದ ಉಷ್ಣತೆ ಎಲ್ಲ ಕಾಲಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ವೈದ್ಯರಿಗೆ ಈ ತೊಡಕಿಲ್ಲ.

ಯಂತ್ರವನ್ನು ಪ್ರಯೋಗಾಲಯಕ್ಕೆ ತರುವ ಮಾತೇ ಇರಲಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ ಸ್ಥಳಕ್ಕೆ ಅಲ್ಟ್ರಾಸೌಂಡ್ ಯಂತ್ರವನ್ನು ಮಾರುವಂತೆಯೂ ಇಲ್ಲ. ಭ್ರೂಣಹತ್ಯೆ ತಡೆಯಲು ಬಂದ ಈ ಕಟ್ಟುಪಾಡು ಸಂಶೋಧಕರಿಗೆ ತುಸು ಅಡಚಣೆಯಾದರೂ ನನಗೆ ಅದರ ಬಗ್ಗೆ ತಕರಾರಿಲ್ಲ. ಫ್ಯಾಂಟಮನ್ನೇ ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರಕ್ಕೆ ಒಯ್ಯುತ್ತೇವೆ. ಅಲ್ಲಿನ ಕೋಣೆ ಎಸಿಯಿಂದ ತಂಪಾಗಿದ್ದರೂ ಫ್ಯಾಂಟಮ್‌ನ ಒಡಲು ಬೇಗ ತಣಿಯುವುದಿಲ್ಲ. ಆದ್ದರಿಂದ ಹಿಂದಿನ ಸಂಜೆಯೇ ಅಲ್ಲಿಟ್ಟು ಬಂದು, ಬೆಳಿಗ್ಗೆ ರೋಗಿಗಳು ಬರುವ ಮುನ್ನ ಅಳತೆ ಮುಗಿಸುತ್ತೇವೆ, ಪ್ರತಿ ಚಿತ್ರದ ಜೊತೆ ಆ ಹೊತ್ತಿನ ಉಷ್ಣತೆಯನ್ನೂ ಫ್ಯಾಂಟಮ್‌ನ ತೂಕವನ್ನೂ ಬರೆದಿಡುತ್ತೇವೆ. ತೂಕ ಇಳಿದಿದ್ದರೆ ನೀರು ಆರಿದೆ ಎಂದು ತಿಳಿದು, ಆ ತುಂಡನ್ನು ಆಳದ ಅಳತೆಗೆ ಮತ್ತೆ ಬಳಸುವುದಿಲ್ಲ.